ಇನಾಮದಾರ ಸತ್ತ ಬೇಸಿಗೆ

ಕಳೆದ ತಿಂಗಳು, ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮೂರು ಉಮದಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಜತ್ತಿನ ಕಾಲೇಜಿಗೆ ಹೋಗುವ ಹುಡುಗಿಯರ ಬಸ್ಸಿನ ವೇಳೆ ಬದಲಾಗಬೇಕೆಂದು ಒಂದು ಮನವಿ ಕೊಟ್ಟು ಬಂದಿದ್ದೆ. ಅದನ್ನು ಪಡೆದ ಅಧಿಕಾರಿ ಓದದೆಯೇ ಮೇಜಿನ ಮೂಲೆಗೆ ಸರಿಸಿ, ಚಹಾ ಕುಡಿಯುತ್ತೀರಾ ಎಂದು ಕೇಳಿದರು. ಬಸ್ಸು ಇದೆಯಲ್ಲ ಎಂಬುದು ಅವರ ವಾದ. ಇದೆ, ನಿಜ, ಮೊದಲ ಪಾಠ ಮುಗಿದ ಮೇಲೆ ಅದು ಕಾಲೇಜಿನ ಮುಂದೆ ಬಂದು ನಿಲ್ಲುತ್ತದೆ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಿಂದ ಬೆಸುಗೆಯ ಹೊಗೆ ತೇಲಿ ಬಂತು. ಕಾದ ಸೀಸ, ಸುಟ್ಟ ರಾಳ. ಆ ವಾಸನೆ ನನ್ನನ್ನು ಹೊಸ ಶತಮಾನದ ಆರಂಭದ ಒಂದು ಬೇಸಿಗೆಗೆ, ಇದೇ ಊರಿನ ಹಸನಚಾಚಾನ ಅಂಗಡಿಗೆ ಎಳೆದೊಯ್ದಿತು. ಕೊಟ್ಟೂ ಕೊಡದಂತೆ ಮಾಡುವ ಜಾಣತನವನ್ನು ನಾನು ಮೊದಲು ಕಂಡದ್ದು ಅಲ್ಲಿಯೇ.

ಆ ವರ್ಷ ನಾನು ಹತ್ತನೆಯ ಇಯತ್ತೆಯ ಪರೀಕ್ಷೆ ಬರೆದು, ಮಿರಜಿನ ಕಡೆಯ ವಸತಿ ಶಾಲೆಯೊಂದರಿಂದ ಊರಿಗೆ ಬಂದಿದ್ದೆ. ಸಮತೆಯ ಕನಸು ಕಂಡ ಹಿರಿಯರು ಕಟ್ಟಿದ ಶಾಲೆ ಅದು. ಅಲ್ಲಿ ಹುಡುಗರೂ ಪಾತ್ರೆ ತೊಳೆಯುತ್ತಿದ್ದರು, ಹುಡುಗಿಯರೂ ಗುದ್ದಲಿ ಹಿಡಿಯುತ್ತಿದ್ದರು. ಸಂಜೆಯ ಸಭೆಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಆ ದಿನ ತಾವು ಕಂಡ ಒಂದು ಅನ್ಯಾಯವನ್ನು ಹೆಸರಿಸಬೇಕಿತ್ತು. ಏನೂ ಕಂಡಿಲ್ಲವೆಂದರೆ ಕುಳಿತುಕೊಳ್ಳಲು ಬಿಡುತ್ತಿರಲಿಲ್ಲ. ಊರಿನಲ್ಲಿ ಅಂಥ ಸಭೆ ಇರಲಿಲ್ಲ. ಅನ್ಯಾಯಗಳು ಮಾತ್ರ ಧಾರಾಳವಾಗಿದ್ದವು. ನಾನು ಅವನ್ನು ಊಟದ ಹೊತ್ತಿಗೆ ಹೇಳತೊಡಗಿದೆ. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಮಾಳಪ್ಪ ರೊಟ್ಟಿ ಮುರಿಯುತ್ತ, ‘ಯವ್ವಾ, ಅಕ್ಕನ ಬಾತಮಿ ಸುರು ಆತು, ರೇಡಿಯೊ ಬಂದ್ ಮಾಡು’ ಎನ್ನುತ್ತಿದ್ದ.

ಹಸನಚಾಚಾ ರೇಡಿಯೊ ರಿಪೇರಿಯವರು. ಜನ ರೇಡಿಯೊ ಕೇಳುವುದನ್ನು ಕಡಿಮೆ ಮಾಡಿದ ಮೇಲೆ ಅವರು ಸೊಲ್ಲಾಪುರದಿಂದ ಹಳೆಯದೊಂದು ಬಣ್ಣದ ಟಿವಿಯನ್ನೂ ಅದಕ್ಕೆ ಜೋಡಿಸುವ ವಿಡಿಯೊ ಗೇಮಿನ ಪೆಟ್ಟಿಗೆಯನ್ನೂ ತಂದು, ಅಂಗಡಿಯ ನಡುವೆ ಗೋಣಿತಟ್ಟಿನ ಪರದೆ ಕಟ್ಟಿ, ಹಿಂದೆ ಒಂದು ಬೆಂಚು ಹಾಕಿದ್ದರು. ಅವರು ತಂದ ಕ್ಯಾಸೆಟ್ಟುಗಳಲ್ಲಿ ನೆಟ್ಟಗೆ ನಡೆಯುತ್ತಿದ್ದುದು ಒಂದೇ ಆಟ. ಮೈತುಂಬ ಉಕ್ಕಿನ ಕವಚ ತೊಟ್ಟು, ಬೆನ್ನಿಗೆ ಬೆಂಕಿಯುಗುಳುವ ಕೊಳವೆ ಕಟ್ಟಿಕೊಂಡ ಬೇಟೆಗಾರನೊಬ್ಬ ಕೆಂಪು ಮಣ್ಣಿನ ಯಾವುದೋ ಗ್ರಹದ ಮೇಲೆ ಇಳಿಯುತ್ತಾನೆ. ಅಲ್ಲಿನ ಗಣಿಗಳಲ್ಲಿ ಐವರು ಪರಾರಿಗಳು ಅಡಗಿದ್ದಾರೆ. ಅವರನ್ನು ಒಬ್ಬೊಬ್ಬರಾಗಿ ಹುಡುಕಿ, ಸೋಲಿಸಿ, ಹಿಡಿದೊಪ್ಪಿಸಬೇಕು. ಒಬ್ಬೊಬ್ಬನ ತಲೆಗೂ ಇಷ್ಟಿಷ್ಟೆಂದು ಬಹುಮಾನ ಗೊತ್ತುಮಾಡಿದೆ. ಆ ಬಹುಮಾನಕ್ಕಾಗಿಯೇ ಅವನು ಬಂದಿದ್ದಾನೆ.

ಇದನ್ನೆಲ್ಲ ಆಟದ ಆರಂಭದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಕಡೆಯ ಕನ್ನಡ ಶಾಲೆಯ ಹುಡುಗರಿಗೆ ಆ ಅಕ್ಷರಗಳು ಗೋಡೆಯ ಮೇಲಿನ ಚಿತ್ತಾರವಿದ್ದಂತೆ. ಊರಿನಲ್ಲಿ ಕೈಗೆ ಸಿಗುತ್ತಿದ್ದುದು ಇಂಗ್ಲಿಷ್-ಮರಾಠಿ ನಿಘಂಟು ಮಾತ್ರ. ಮನೆಯಲ್ಲಿ ಕನ್ನಡ ಆಡುವ ಮಗು ಒಂದು ಇಂಗ್ಲಿಷ್ ಶಬ್ದದ ಅರ್ಥ ತಿಳಿಯಬೇಕಾದರೂ ಮರಾಠಿಯ ಅಂಗಳವನ್ನು ಹಾದೇ ಹೋಗಬೇಕಿತ್ತು. ಇದನ್ನು ಒಂದು ಅನ್ಯಾಯವೆಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಮಾಳಪ್ಪನಿಗೆ ಅದರ ಚಿಂತೆ ಇರಲಿಲ್ಲ. ಅವನು ನಿಘಂಟು ತಿರುವಿ, ಆ ಬಹುಮಾನದ ಶಬ್ದಕ್ಕೆ ‘ಇನಾಮ’ ಎಂಬ ಅರ್ಥ ಹುಡುಕಿ ತೆಗೆದ.

‘ಇನಾಮ ತಗೊಳ್ಳಾಂವ ಯಾರು? ಇನಾಮದಾರ! ಮುಗೀತು,’ ಎಂದು ಬೆಂಚು ಬಡಿದ.

ಅಂದಿನಿಂದ ಉಕ್ಕಿನ ಕವಚದ ಆ ಅಂತರಿಕ್ಷದ ಬೇಟೆಗಾರ ಉಮದಿಯಲ್ಲಿ ಇನಾಮದಾರನಾದ. ‘ಇನಾಮದಾರ ಹಾರಿದ’, ‘ಇನಾಮದಾರನ ಬೆನ್ನಿಗೆ ಬೆಂಕಿ ಹತ್ತೈತಿ’, ‘ಇನಾಮದಾರಗ ಉಸಿರು ಕಡಿಮಿ ಬಿದ್ದೈತಿ’ ಎಂಬ ಮಾತುಗಳು ದಿನವಿಡೀ ಪರದೆಯ ಹಿಂದಿನಿಂದ ಕೇಳಿಬರುತ್ತಿದ್ದವು. ಊರಿನಲ್ಲಿ ನಿಜವಾದ ಇನಾಮದಾರರೊಬ್ಬರಿದ್ದರು ಎಂಬುದನ್ನು ಹುಡುಗರು ಮರೆತೇಬಿಟ್ಟಿದ್ದರು. ಸಂಸ್ಥಾನದ ಕಾಲದಲ್ಲಿ ಜಮೀನನ್ನು ಇನಾಮಾಗಿ ಪಡೆದ ಮನೆತನದ ಹಿರಿಯರು ಅವರು. ಹಸನಚಾಚಾನ ಅಂಗಡಿಯ ಕೋಣೆಯೂ ಅವರದೇ. ಅಂಗಡಿಗೂ ವಾಡೆ ಎನಿಸಿಕೊಂಡ ಅವರ ದೊಡ್ಡ ಮನೆಗೂ ನಡುವೆ ಒಂದು ಇಕ್ಕಟ್ಟಾದ ಸಂದಿ ಮಾತ್ರ ಇತ್ತು.

ನನ್ನ ಬಾಲ್ಯದ ಗೆಳತಿ ಜರೀನಾ ಬಳೆ ವ್ಯಾಪಾರದವರ ಮನೆಯವಳು. ಏಳನೆಯ ಇಯತ್ತೆ ಮುಗಿದ ಕೂಡಲೇ ಅವಳನ್ನು ಶಾಲೆ ಬಿಡಿಸಿದ್ದರು. ಅವಳ ಅಣ್ಣನನ್ನು ಬಿಡಿಸಿರಲಿಲ್ಲ. ತಾಯಿಯೊಡನೆ ಹಳ್ಳಿ ತಿರುಗಿ, ದುಡಿದು ಗಡುಸಾದ ಕೈಗಳಿಗೂ ಬಳೆ ಒಡೆಯದಂತೆ ತೊಡಿಸುವುದನ್ನು ಕಲಿತವಳು. ಪರದೆಯ ಹಿಂದೆ ಏನಿದೆಯೆಂದು ನೋಡುವ ಆಸೆ ಮೊದಲು ಅವಳದು. ಒಂದು ದಿನ ನಾವಿಬ್ಬರೂ ಗೋಣಿತಟ್ಟನ್ನು ಎತ್ತಿ ಒಳಗೆ ಕಾಲಿಟ್ಟೆವು. ಬೆಂಚಿನ ಮೇಲಿದ್ದ ಹುಡುಗರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

‘ಅಕ್ಕಾ, ಅವ್ವ ಕರ್ಯಾಕತ್ತಾಳೇನು?’ ಎಂದ ಮಾಳಪ್ಪ.

‘ಇಲ್ಲ. ಆಡಾಕ ಬಂದೀವಿ.’

‘ಇದು ಕುಂಟಾಬಿಲ್ಲಿ ಅಲ್ಲಕ್ಕಾ.’

ನಗೆ ಎದ್ದಿತು. ಹಸನಚಾಚಾ ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಓಡಿಬಂದರು. ‘ಬೇಟಿ, ನಾಳೆ ನಿಮ್ಮ ಮನಿಯವ್ರು ಬಂದು ನನ್ನ ಕೇಳ್ತಾರ. ಹಿಂಗ ಪರದೆ ಹಿಂದ ಹುಡುಗೂರು ಹುಡಗ್ಯಾರು ಕೂಡಿ ಕುಂತ್ರ ಮಂದಿ ಏನಂತಾರ?’

ಮಂದಿ ಏನಾದರೂ ಅನ್ನಬಹುದೆಂಬ ಭಯವನ್ನು ಹುಡುಗರ ಮೇಲೆ ಏಕೆ ಹೇರುವುದಿಲ್ಲ ಎಂದು ನಾನು ಕೇಳಿದೆ. ರಸ್ತೆ, ಹೋಟೆಲು, ಕಟ್ಟೆ, ಈಗ ಈ ಬೆಂಚು, ಎಲ್ಲವೂ ಒಂದೇ ಪಾಲಿಗೆ ಹೇಗೆ ಹೋಗುತ್ತವೆ ಎಂದು ಕೇಳಿದೆ. ನಾನು ಇನ್ನೂ ಕೇಳುತ್ತಲೇ ಇರುತ್ತಿದ್ದೆ. ಚಾಚಾ ಕೈಮುಗಿದು, ಹುಡುಗರೆಲ್ಲ ಊಟಕ್ಕೆ ಹೋಗುವ ಮಧ್ಯಾಹ್ನದ ಒಂದು ತಾಸನ್ನು ಹೆಣ್ಣುಮಕ್ಕಳಿಗೆಂದು ಬಿಟ್ಟುಕೊಟ್ಟರು. ನಾನು ಗೆದ್ದೆನೆಂದುಕೊಂಡೆ. ಜರೀನಾಳ ಕೈಹಿಡಿದು ಕುಣಿದೆ.

ಮರುದಿನ ಹೋಗಿ ಕುಳಿತೆವು. ಕರೆಂಟು ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಆ ವರ್ಷಗಳಲ್ಲಿ ಹಳ್ಳಿಗಳಿಗೆ ಲೋಡ್‌ಶೆಡ್ಡಿಂಗ್ ಎಂಬುದು ಊಟ ನಿದ್ದೆಗಳಂತೆ ದಿನಚರಿಯ ಭಾಗವಾಗಿತ್ತು. ಊರೇ ಸುಟ್ಟುಹೋಗುವಂಥ ಬಿಸಿಲಿನಲ್ಲಿ, ಫ್ಯಾನು ತಿರುಗಲೇಬೇಕಾದ ಹೊತ್ತಿನಲ್ಲಿ, ಸರಿಯಾಗಿ ನಮ್ಮ ತಾಸಿನಲ್ಲಿ ಕರೆಂಟು ಹೋಗುತ್ತಿತ್ತು. ಪಟ್ಟಣಗಳಲ್ಲಿ ಇಷ್ಟು ಹೊತ್ತು ತೆಗೆಯುವುದಿಲ್ಲವೆಂದು ನಾನು ಹಾಸ್ಟೆಲಿನಲ್ಲಿ ಇದ್ದಾಗಲೇ ಕಂಡುಕೊಂಡಿದ್ದೆ. ನಾವಿಬ್ಬರೂ ಕಪ್ಪು ಗಾಜಿನ ಎದುರು ಬೆವರುತ್ತ ಕುಳಿತು, ಅದರಲ್ಲಿ ನಮ್ಮ ಮುಖಗಳನ್ನೇ ನೋಡಿಕೊಂಡು ಎದ್ದು ಬರುತ್ತಿದ್ದೆವು.

‘ಚಾಚಾ, ನೀವು ಕೊಟ್ಟ ತಾಸಿನಾಗ ಕರೆಂಟೇ ಇರೂದಿಲ್ಲ.’

‘ತಾಸು ನಾ ಕೊಟ್ಟೀನಿ ಬೇಟಿ. ಕರೆಂಟ್ ಸೈತ ನಾನೇ ಕೊಡ್ತೀನೇನು?’

ಒಮ್ಮೊಮ್ಮೆ ಕರೆಂಟು ಹೊತ್ತು ತಪ್ಪಿ ಬರುತ್ತಿತ್ತು. ಆಗ ಮಾತ್ರ ನಮ್ಮ ಆಟ. ನನ್ನದು ಹೀನಾಯವಾಗಿತ್ತು, ನನ್ನ ಬೇಟೆಗಾರ ಗಣಿಯ ಬಾಯಲ್ಲೇ ಗೋಡೆಗೆ ಡಿಕ್ಕಿ ಹೊಡೆದು ಸಾಯುತ್ತಿದ್ದ. ಜರೀನಾಳ ಕೈಯಲ್ಲಿ ಅವನು ಬೇರೆಯೇ ಮನುಷ್ಯ. ಕಂಟ್ರೋಲರಿನ ಎಡಗುಂಡಿ ಅರ್ಧ ಸತ್ತಿತ್ತು, ಜೋರಾಗಿ ಒತ್ತಿದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅವಳು ಅದನ್ನು ಬಿಗಿಯಾದ ಬಳೆಯನ್ನು ಸರಿಸುವಂತೆ ಓರೆಯಾಗಿ, ಮೆಲ್ಲಗೆ ನೂಕುತ್ತಿದ್ದಳು. ಆದರೆ ಆ ಕ್ಯಾಸೆಟ್ಟಿಗೆ ನೆನಪಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಎಷ್ಟೇ ಮುಂದೆ ಹೋಗಿರಲಿ, ಕರೆಂಟು ಹೋದರೆ ಮತ್ತೆ ಮೊದಲಿನಿಂದ, ಆ ಕೆಂಪು ಮಣ್ಣಿನ ಮೇಲೆ ಇಳಿಯುವುದರಿಂದ ಆರಂಭ. ಪೂರ್ತಿ ಆಟಕ್ಕೆ ಎರಡು ತಾಸಿಗೂ ಹೆಚ್ಚು ಬೇಕಿತ್ತು. ನಮಗಿದ್ದುದು ಒಂದು ತಾಸು, ಅದೂ ಕತ್ತಲೆಯದು.

ಸಂಜೆ ಕರೆಂಟು ಇರುತ್ತಿದ್ದ ಹೊತ್ತಿನಲ್ಲಿ ನಮಗೂ ಪಾಲು ಬೇಕೆಂದು ನಾನು ಕೇಳಿದೆ. ಹುಡುಗರು ಸಿಡಿದೆದ್ದರು. ‘ಇವ್ರು ಮೂರನೇ ಕಳ್ಳನ ಮಾರಿ ಸೈತ ನೋಡಿಲ್ಲ. ಸುಮ್ನ ಮಿಶನ್ ಸವಸ್ತಾರ,’ ಎಂದ ಮಾಳಪ್ಪ. ಅವನೂ ನಾಲ್ಕನೆಯ ಪರಾರಿಯನ್ನು ದಾಟಿರಲಿಲ್ಲ. ಊರಿನಲ್ಲಿ ಯಾರೂ ದಾಟಿರಲಿಲ್ಲ. ಚಾಚಾ ಒಂದು ಷರತ್ತು ಹಾಕಿ ಜಗಳ ಮುಗಿಸಿದರು: ಯಾವ ಹುಡುಗಿಯಾದರೂ ಈ ಆಟವನ್ನು ಒಮ್ಮೆ ಕೊನೆಯವರೆಗೆ ಆಡಿ ಮುಗಿಸಿದರೆ ಸಂಜೆಯ ಒಂದು ತಾಸು ಹುಡುಗಿಯರಿಗೆ. ಎಲ್ಲರೂ ಇದು ನ್ಯಾಯವೆಂದು ತಲೆಯಾಡಿಸಿದರು. ಎರಡು ತಾಸಿನ ಕೆಲಸವನ್ನು ಒಂದು ತಾಸಿನಲ್ಲಿ, ವಿದ್ಯುತ್ತಿಲ್ಲದೆ ಮಾಡಿ ತೋರಿಸಿ, ಆಮೇಲೆ ನಿಮ್ಮ ಹಕ್ಕಿನ ವಿಚಾರ ಎನ್ನುವ ನ್ಯಾಯ! ಹುಡುಗರಿಗೆ ಇಂಥ ಪರೀಕ್ಷೆಯನ್ನು ಯಾರು ಇಟ್ಟಿದ್ದರು? ಅವರು ಹುಟ್ಟಿದ್ದೇ ಸಾಕಾಗಿತ್ತು.

ನಾನು ಆ ಷರತ್ತನ್ನು ಒಪ್ಪಲಿಲ್ಲ. ಜರೀನಾ ಒಪ್ಪಿದಳು. ‘ಮುಗಿಸ್ತೀನಿ ಚಾಚಾ,’ ಎಂದಳು, ಅಷ್ಟೇ.

ಸಂತೆಯ ದಿನ ಅನಾಹುತವಾಯಿತು. ಮಾಳಪ್ಪ ನಾಲ್ಕನೆಯ ಪರಾರಿಯ ಎದುರು ಮತ್ತೆ ಸೋತ. ಪರದೆಯ ಹಿಂದಿದ್ದ ಹುಡುಗರೆಲ್ಲ ಒಂದೇ ಬಾಯಲ್ಲಿ, ‘ಸತ್ತ! ಇನಾಮದಾರ ಸತ್ತಪೋ!’ ಎಂದು ಕೂಗಿದರು. ರಸ್ತೆಯಲ್ಲಿ ಹೊರಟು ನಿಂತಿದ್ದ ಬಸ್ಸಿನಲ್ಲಿ ಇನಾಮದಾರರ ಬೀಗರ ಊರಿನ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಆಕೆ ಸಂತೆಯ ಚೀಲದ ಜೊತೆ ಆ ಸುದ್ದಿಯನ್ನೂ ಒಯ್ದಳು. ಇಳಿಹೊತ್ತಿಗೆ ಟ್ರ್ಯಾಕ್ಟರ್ ತುಂಬ ಬೀಗರು ಬಂದು, ಎದೆ ಬಡಿದುಕೊಳ್ಳುತ್ತ ವಾಡೆಯ ಮುಂದೆ ಇಳಿದರು. ‘ಎಂಥಾ ಮನಷ್ಯಾ ಹೋದನವ್ವಾ! ದೊಡ್ಡ ಕೈ ಹೋತವ್ವಾ!’ ಎಂದು ಹೆಂಗಸರು ಬಾಗಿಲಲ್ಲೇ ಕುಸಿದರು. ಇನಾಮದಾರರು ಕಟ್ಟೆಯ ಮೇಲೆ ಕುಳಿತು ಬಶಿಗೆ ಚಹಾ ಸುರಿದು ಊದಿ ಆರಿಸಿಕೊಳ್ಳುತ್ತಿದ್ದರು. ಅವರೂ ಗಾಬರಿಯಿಂದ ಎದ್ದು, ‘ಯಾರು ಹೋದ್ರವಾ?’ ಎಂದು ಕೇಳಿದರಂತೆ.

ಸಂಜೆಯೊಳಗೆ ಅಂಗಡಿಗೆ ಅವರ ಆಳು ಬಂದು ಆಟ ಬಂದ್ ಮಾಡಲು ಹೇಳಿದ. ಕೋಣೆಯೇ ಅವರದಾಗಿರುವಾಗ ಚಾಚಾ ಏನು ಮಾಡಿಯಾರು? ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಕೂಗಿದವರು ಹುಡುಗರು, ಆಟ ಹೋದದ್ದು ನಮ್ಮದೂ. ಜರೀನಾ ನನ್ನನ್ನು ಎಳೆದುಕೊಂಡು ವಾಡೆಗೆ ಹೋದಳು. ನಾನು ಹಕ್ಕು ಕೇಳಲು ಹೋದೆ, ಅವಳು ಆಟ ಬಿಡಿಸಿಕೊಂಡು ಬರಲು.

‘ಕುಂದ್ರಿ,’ ಎಂದರು ಇನಾಮದಾರರು. ‘ಯಾಂವ ಅಂವಾ, ನನ್ನ ಹೆಸರು ಇಟ್ಕೊಂಡು ದಿನಾ ಸಾಯಾಂವ?’

‘ಇನಾಮದಾರ ಅನ್ನೂದು ಹೆಸರಲ್ರಿ ಅಜ್ಜಾರ,’ ಎಂದು ನಾನು ಆರಂಭಿಸಿದೆ. ‘ಅದೊಂದು ಪದ್ಧತಿ. ಕಾಯದೇ ಮಾಡಿ ಅದನ್ನ ರದ್ದು ಮಾಡ್ಯಾರ. ರದ್ದಾದ ಶಬ್ದಕ್ಕ ಯಾರೂ ಮಾಲಕರಲ್ಲ.’

ಜರೀನಾ ನನ್ನ ತೊಡೆಯನ್ನು ಚಿವುಟಿದಳು. ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಯಾರ ಮಗಳವಾ ಇಕಿ?’

‘ಕುರಿ ಸಿದರಾಯಪ್ಪನ ಮಗಳ್ರಿ. ಹಾಸ್ಟೆಲಿನ್ಯಾಗ ಕಲ್ತು ಬಂದಾಳ,’ ಎಂದಳು ಜರೀನಾ, ಒಂದು ಕಾಯಿಲೆಯ ಹೆಸರು ಹೇಳುವವಳಂತೆ. ಆಮೇಲೆ ತಾನೇ ಮಾತು ಮುಂದುವರಿಸಿದಳು. ‘ಅಜ್ಜಾರ, ಆಟದಾಗಿನಾಂವ ಕಳ್ಳರನ್ನ ಹಿಡಿಯಾಂವ್ರಿ. ಓಡಿ ಹೋಗಿ ಗಣಿಯಾಗ ಅಡಗಿದವ್ರನ್ನ ಹುಡುಕಿ, ಹಿಡದು, ಸರಕಾರಕ್ಕ ಕೊಡ್ತಾನ. ಅದಕ್ಕ ಅಂವಗ ಇನಾಮ ಸಿಗ್ತೈತಿ. ಹಂಗಂತ ಇನಾಮದಾರ ಅಂದಾರ್ರಿ.’



‘ನಮ್ಮ ಮುತ್ಯಾನ ಮುತ್ಯಾಗ ಈ ಜಮೀನ ಬಂದದ್ದೂ ಹಂಗ,’ ಎಂದರು ಇನಾಮದಾರರು. ‘ದರೋಡೆಖೋರರನ್ನ ಹಿಡದು ಸಂಸ್ಥಾನಕ್ಕ ಒಪ್ಪಿಸಿದ್ದಕ್ಕ.’

‘ಹಂಗಾರ ಹುಡುಗೂರು ಸುಳ್ಳೇನೂ ಅಂದಿಲ್ಲಲ್ರಿ!’

ಅವರ ಮೀಸೆ ತುಸು ಅಲುಗಿತು. ನಾನು ದಂಗಾಗಿದ್ದೆ. ಮರಾಠಿ ನಿಘಂಟಿನಲ್ಲಿ ಎಡವಿದ ನನ್ನ ತಮ್ಮ, ಯಾವ ಪಂಡಿತನೂ ಹುಡುಕಲಾರದ ಸರಿಯಾದ ಶಬ್ದದ ಮೇಲೆಯೇ ಹೋಗಿ ಬಿದ್ದಿದ್ದ. ಆದರೆ ತೀರ್ಪು ಬಂದಾಗ ನನ್ನ ನಗೆ ಇಂಗಿತು.

‘ಹುಡುಗೂರು ಒಂದು ವಾರ ಅತ್ಲಾಗ ಸುಳೀಬಾರದು. ನೀವು ಹುಡಗ್ಯಾರು ಬೇಕಾರ ಆಡ್ರಿ. ಹುಡಗ್ಯಾರ ದನಿ ಗ್ವಾಡಿ ದಾಟಂಗಿಲ್ಲ.’

ಹೊರಗೆ ಬಂದ ಮೇಲೆ ನಾನು ಸಂದಿಯಲ್ಲಿಯೇ ನಿಂತುಬಿಟ್ಟೆ. ನಮಗೆ ಆಟ ಸಿಕ್ಕಿದ್ದು ನಾವೂ ಮನುಷ್ಯರೆಂದಲ್ಲ, ನಮಗೆ ದನಿ ಇಲ್ಲವೆಂದು. ಇಂಥ ಅನುಮತಿಯನ್ನು ಸ್ವೀಕರಿಸುವುದೆಂದರೆ ಆ ಮಾತಿಗೆ ಹೆಬ್ಬೆಟ್ಟು ಒತ್ತಿದಂತೆ ಎಂದೆ.

‘ಸುನಂದಾ,’ ಎಂದಳು ಜರೀನಾ, ‘ಈ ವಾರ ಮಧ್ಯಾನ ಕರೆಂಟ್ ಐತಿ. ಪಾಳಿ ಬದಲಾಗೇತಿ. ನಿನ್ನ ಅನ್ಯಾಯ ಆಮ್ಯಾಲ ಹೇಳು. ಈಗ ನಡಿ.’

ಆ ವಾರದ ಮಧ್ಯಾಹ್ನಗಳೆಲ್ಲ ನಮ್ಮವಾದವು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿತ್ತು, ಒಳಗೆ ಗೋಣಿತಟ್ಟಿನ ಧೂಳಿನಲ್ಲಿ ಕೂತು ಜರೀನಾ ಗ್ರಹದ ಗಣಿಗಳಿಗೆ ಇಳಿಯುತ್ತಿದ್ದಳು. ನಾಲ್ಕನೆಯ ಪರಾರಿ ಅಡಗಿದ್ದುದು ನೀರೆತ್ತುವ ಆಳವಾದ ಬಾವಿಯಂಥ ಸುರಂಗದಲ್ಲಿ. ಅಲ್ಲಿ ಇಳಿಯುವಾಗ ಕವಚದೊಳಗಿನ ಉಸಿರು ಕ್ಷಣಕ್ಷಣಕ್ಕೂ ಕಡಿಮೆಯಾಗುತ್ತಿತ್ತು. ಹುಡುಗರೆಲ್ಲ ಬೇಗ ಬೇಗನೆ ಇಳಿಯಲು ಹೋಗಿ ಮುಳ್ಳಿನ ಸರಳುಗಳಿಗೆ ಚುಚ್ಚಿಕೊಂಡು ಸತ್ತಿದ್ದರು. ಜರೀನಾ ಕೂಡ ಸತ್ತಳು. ಎಷ್ಟು ಸಲವೋ ಸತ್ತಳು. ಎರಡು ಸಲ ವೋಲ್ಟೇಜು ಮಿಣುಕಿ, ಮೂವರು ಪರಾರಿಗಳನ್ನು ಹಿಡಿದ ಅಷ್ಟೂ ಶ್ರಮ ಅಳಿಸಿಹೋಗಿ, ಬೇಟೆಗಾರ ಮತ್ತೆ ಕೆಂಪು ಮಣ್ಣಿನ ಮೇಲೆ ನಿಂತಿದ್ದ. ಆಗ ನಾನು ಟಿವಿಯನ್ನು ಒದೆಯಬೇಕೆಂದುಕೊಂಡೆ. ಅವಳು ಬೆವರಿದ ಹೆಬ್ಬೆರಳನ್ನು ಓಢಣಿಯ ಸೆರಗಿಗೆ ಒರೆಸಿಕೊಂಡು ಮತ್ತೆ ಆರಂಭಿಸಿದಳು.

ನನ್ನ ಕೆಲಸ ಟಿವಿ ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವುದು. ಪ್ರತಿ ಪರಾರಿಯ ಹೆಸರು, ಅವನ ತಲೆಗೆ ಕಟ್ಟಿದ ಬಹುಮಾನ, ಇವೆರಡೇ ಇರುತ್ತಿದ್ದವು. ಅವರು ಮಾಡಿದ ಅಪರಾಧವೇನು ಎಂಬುದು ಎಲ್ಲಿಯೂ ಇರಲಿಲ್ಲ. ಗಣಿಯ ಕೂಲಿಗಾಗಿ ಜಗಳವಾಡಿ ಓಡಿಹೋದವರೋ ಯಾರಿಗೆ ಗೊತ್ತು? ಹೇಳಿದವರನ್ನು ಹಿಡಿಯುವ, ಏಕೆಂದು ಕೇಳದ ಈ ಮನುಷ್ಯನನ್ನು ಗೆಲ್ಲಿಸಲು ನಾವೇಕೆ ಇಷ್ಟು ಹೆಣಗುತ್ತಿದ್ದೇವೆ ಎಂದು ಕೇಳಿದೆ. ‘ಅಂವಾ ಗೆಲ್ಲೂದು ಯಾರಿಗೆ ಬೇಕಾಗೇತಿ,’ ಎಂದಳು ಅವಳು ಕಣ್ಣು ಕದಲಿಸದೆ. ‘ನನಗ ಸಂಜಿ ಬೇಕಾಗೇತಿ.’

ವಾರದ ಕೊನೆಯ ಮಧ್ಯಾಹ್ನ ಚಾಚಾ ನಮಾಜಿಗೂ ಊಟಕ್ಕೂ ಹೋಗಿದ್ದರು. ಜರೀನಾ ಆ ಸುರಂಗವನ್ನು ದಾಟಿ ನಾಲ್ಕನೆಯವನನ್ನು ಹಿಡಿದಳು. ನಾವಿಬ್ಬರೂ ಬಾಯಿಗೆ ಕೈ ಒತ್ತಿಕೊಂಡು ಕುಳಿತಿದ್ದಾಗ ಗೋಣಿತಟ್ಟು ಒಂದು ಬೆತ್ತದಿಂದ ಸರಿಯಿತು. ಇನಾಮದಾರರು ನಿಂತಿದ್ದರು. ‘ದನಿ ಇಲ್ಲಲ್ಲ, ಆಟ ನಡದೈತೋ ಇಲ್ಲೋ ನೋಡೂಣಂತ ಬಂದೆ,’ ಎಂದು ಬೆಂಚಿನ ತುದಿಯಲ್ಲಿ ಕುಳಿತರು. ಮೊದಲು ಮುಖ ಗಂಟಿಕ್ಕಿದ್ದರು. ಐದನೆಯ ಪರಾರಿ ಗಣಿಯ ಛಾವಣಿಯಿಂದ ಬೇಟೆಗಾರನ ಹಿಂದೆ ಧುಮುಕಿದಾಗ ಅವರು ಬೆತ್ತ ಎತ್ತಿ, ‘ಹಿಂದ! ಹಿಂದ ನೋಡ! ಹೊಡಿ ಅವನ ಹಣಿಗೆ!’ ಎಂದು ಅಬ್ಬರಿಸಿದರು. ಆ ದನಿ ಗೋಡೆಯನ್ನಷ್ಟೇ ಅಲ್ಲ, ಬೀದಿಯನ್ನೂ ದಾಟಿತ್ತು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಜರೀನಾ ಹಿಂದೆ ತಿರುಗಿ ಹೊಡೆದಳು. ಐದನೆಯವನು ಮೊಳಕಾಲೂರಿ ಕೈಯೆತ್ತಿದ.

ಆಮೇಲೆ ಏನಾಗುತ್ತದೆಯೆಂದು ನಾವು ಮೂವರೂ ಮುಂದಕ್ಕೆ ಬಾಗಿದೆವು. ಬಹುಮಾನದ ಅಂಕಿಗಳು ಪರದೆಯ ಮೇಲೆ ಓಡಿ ನಿಂತವು. ಬೇಟೆಗಾರ ತನ್ನ ನೌಕೆ ಹತ್ತಿದ. ಹಿಡಿಯಬೇಕಾದ ಇನ್ನೂ ಐವರ ಹೆಸರುಗಳು ಮೂಡಿದವು. ಅಷ್ಟೇ.

‘ಇಷ್ಟ?’ ಎಂದಳು ಜರೀನಾ.

‘ಜಮೀನ ಕೊಡಲಿಲ್ಲೇನು?’ ಎಂದು ಕೇಳಿದರು ಇನಾಮದಾರರು. ಇಲ್ಲವೆಂದೆ. ಅವರು ಬೇಸರದಿಂದ ಎದ್ದು ಹೊರಟುಹೋದರು. ಅವರು ಸಂದಿ ದಾಟುವಷ್ಟರಲ್ಲಿ ಕರೆಂಟು ಹೋಗಿ, ಪರದೆ ಕಪ್ಪಾಗಿ, ನಾವು ಗೆದ್ದ ಗುರುತೆಲ್ಲ ಅಳಿಸಿತು.

ಚಾಚಾ ನಂಬಲಿಲ್ಲವೆಂದು ಹೇಳಲಾರೆ. ನಂಬುವ ಧೈರ್ಯ ಅವರಿಗಿರಲಿಲ್ಲ. ಹುಡುಗರು ಮಾತ್ರ ಕೇಕೆ ಹಾಕಿದರು. ‘ಮುಗಿಸಿದ್ರಂತ! ಕಂಡವ್ರ್ಯಾರು?’ ಎಂದ ಮಾಳಪ್ಪ. ‘ನಾ ಕಂಡೀನಿ,’ ಎಂದೆ. ‘ನೀ ಬಿಡು, ನೀ ಎಲ್ಲಾನೂ ಕಾಣ್ತಿ.’ ನಾವಿಬ್ಬರು ಹುಡುಗಿಯರ ಕಣ್ಣುಗಳು ಸಾಕ್ಷಿಯ ಲೆಕ್ಕಕ್ಕೇ ಇರಲಿಲ್ಲ. ಕೊನೆಗೆ ಇನಾಮದಾರರ ಹೆಸರು ಹೇಳಿದೆ. ಚಾಚಾನನ್ನೂ ಮಾಳಪ್ಪನನ್ನೂ ಕರೆದುಕೊಂಡು ವಾಡೆಗೆ ಹೋದೆವು. ಕಟ್ಟೆಯ ಮೇಲೆ ಅವರ ಜೊತೆ ಊರಿನ ನಾಲ್ಕಾರು ಹಿರಿಯರು ಕುಳಿತಿದ್ದರು.

‘ನಾನು?’ ಎಂದರು ಇನಾಮದಾರರು. ‘ಆ ಗೋಣಿತಟ್ಟಿನ ಹಿಂದ? ಹುಡಗ್ಯಾರ ಜೊತಿ ಕುಂತು ಆಟ ನೋಡಾಕ? ಭಾಳ ಶಾಣ್ಯಾ ಅದೀರಿ. ಹೋಗ್ರಿ ಮನಿಗೆ.’

ಹಿರಿಯರು ನಕ್ಕರು. ಇನಾಮದಾರರು ನಮ್ಮ ಕಡೆ ನೋಡಲಿಲ್ಲ.

ಆ ದಿನ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಅವರು ಕೆಟ್ಟವರಾಗಿರಲಿಲ್ಲ, ಆಟವನ್ನು ನಮಗಿಂತ ಹೆಚ್ಚು ಸಂತೋಷದಿಂದ ನೋಡಿದ್ದರು. ಆದರೆ ಕಟ್ಟೆಯ ಮೇಲಿನ ತಮ್ಮ ಮರ್ಯಾದೆಯ ಒಂದು ಎಳೆಯನ್ನು ಉಳಿಸಿಕೊಳ್ಳಲು ಒಬ್ಬ ಹುಡುಗಿಯ ವಾರದ ದುಡಿಮೆಯನ್ನು ಸುಳ್ಳು ಮಾಡುವುದು ಅವರಿಗೆ ಬಶಿಯ ಚಹಾ ಊದಿದಷ್ಟು ಸುಲಭವಾಗಿತ್ತು. ನಾವು ನಿಜ ಹೇಳಬೇಕಾದರೆ ಗಂಡಸೊಬ್ಬನ ಸಾಕ್ಷಿ ಬೇಕು. ಅವರು ಸುಳ್ಳು ಹೇಳಲು ಯಾರ ಸಾಕ್ಷಿಯೂ ಬೇಡ. ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿಯೇ ತೀರುತ್ತೇನೆಂದು ದಾರಿಯುದ್ದಕ್ಕೂ ಹೇಳುತ್ತ ಬಂದೆ.

‘ಅದು ಯಾವಾಗ ಕೂಡ್ತೈತಿ?’ ಎಂದಳು ಜರೀನಾ.

‘ಆಗಸ್ಟ್ ಹದಿನೈದಕ್ಕ.’

‘ಅಟ್ಟೊತ್ತಿಗೆ ಆ ಮಿಶನ್ ಇರ್ತೈತೋ ಇಲ್ಲೋ.’

ಮರುದಿನ ಸಂಜೆ ಹುಡುಗರು ಬೆಂಚು ತುಂಬಿ ಕುಳಿತಿದ್ದಾಗ ಅವಳು ಗೋಣಿತಟ್ಟನ್ನು ಎತ್ತಿ ನೇರವಾಗಿ ಒಳಗೆ ಹೋದಳು. ನಾನು ಹಿಂದಿದ್ದೆ. ‘ಮಾಳ್ಯಾ, ಸರಿ,’ ಎಂದಳು. ಅವನು ಸರಿಯಲಿಲ್ಲ. ಅವಳು ಚಾಚಾನ ಕಡೆ ತಿರುಗಿದಳು.

‘ಚಾಚಾ, ಮುಗಿಸಿ ತೋರ್ಸು ಅಂದಾವ್ರು ನೀವ. ಮಧ್ಯಾನ ಮುಗಿಸಿದ್ರ ಕಂಡವ್ರ್ಯಾರು ಅಂತೀರಿ. ಈಗ ಎಲ್ಲಾರೂ ಅದೀರಲ್ಲ, ನೋಡ್ರಿ.’

ಚಾಚಾ ರಸ್ತೆಯ ಕಡೆ ಒಮ್ಮೆ ನೋಡಿ, ಮಾಳಪ್ಪನ ಭುಜ ಮುಟ್ಟಿ ಏಳಿಸಿದರು.

ಅವಳು ಕೆಂಪು ಮಣ್ಣಿನ ಮೇಲೆ ಇಳಿದಳು. ಹುಡುಗರು ಆರಂಭದಲ್ಲಿ ಬಿಡಲಿಲ್ಲ. ‘ಬಳಿ ಒಡದಾವು, ಹುಷಾರ!’ ‘ಸಾಹೇಬ್ರಿಗೆ ಓಢಣಿ ಹೊಚ್ಚರಲೇ!’ ಎಂದರು. ಇನಾಮದಾರ ಎನ್ನುವುದಕ್ಕೆ ತಡೆ ಬಿದ್ದ ಮೇಲೆ ಬೇಟೆಗಾರ ಅವರ ಬಾಯಲ್ಲಿ ಸಾಹೇಬನಾಗಿದ್ದ. ಮೂರನೆಯ ಪರಾರಿ ಸೋತಾಗ ಗೇಲಿ ನಿಂತಿತು. ನೀರೆತ್ತುವ ಸುರಂಗದ ಬಾಯಲ್ಲಿ ಅವಳು ಸುಮ್ಮನೆ ನಿಂತುಕೊಂಡಳು. ಉಸಿರಿನ ಪಟ್ಟಿ ಕರಗುತ್ತಿದ್ದರೂ ಸರಳುಗಳು ಒಳಸರಿಯುವವರೆಗೆ ಕಾದಳು, ಆಮೇಲೆ ಒಂದೇ ಜಿಗಿತಕ್ಕೆ ಇಳಿದಳು. ‘ಹಂಗೇನದು!’ ಎಂದು ಹಿಂದಿನಿಂದ ಯಾರೋ ಉಸುರಿದರು. ನಾಲ್ಕನೆಯವನು ಬಿದ್ದ. ತಾವು ಎಂದೂ ಕಾಣದ ಗಣಿಯ ತಳವನ್ನು ಕಂಡು ಹುಡುಗರು ಬೆಂಚಿನಿಂದ ಇಳಿದು ನೆಲದ ಮೇಲೆ ಅವಳ ಸುತ್ತ ಕುಳಿತರು. ಐದನೆಯವನು ಛಾವಣಿಯಿಂದ ಧುಮುಕುವ ಮೊದಲೇ ಅವಳು ತಿರುಗಿ ನಿಂತಿದ್ದಳು. ಅವನು ತತ್ತರಿಸಿದ, ಇನ್ನೊಂದು ಏಟು ಸಾಕಿತ್ತು.

ಜರೀನಾ ಆಟವನ್ನು ನಿಲ್ಲಿಸುವ ಗುಂಡಿ ಒತ್ತಿದಳು. ಬೇಟೆಗಾರ ಬಂದೂಕು ಎತ್ತಿಕೊಂಡೇ ನಿಂತ, ಪರಾರಿ ಬಾಗಿಕೊಂಡೇ ನಿಂತ.

‘ಹೊಡಿ! ಹೊಡಿಯಲಾ ಮತ್ತ!’ ಎಂದು ಹುಡುಗರು ಚೀರಿದರು.

‘ಚಾಚಾ, ನಮ್ಮ ಸಂಜಿ?’ ಎಂದಳು ಅವಳು ತಿರುಗಿ ನೋಡದೆ.

ಚಾಚಾ ತಡವರಿಸಿದರು. ‘ಪೂರಾ ಮುಗೀಲಿ ಬೇಟಿ, ಆಮ್ಯಾಲ...’

‘ಆಮ್ಯಾಲ ಮತ್ತ ಯಾರೂ ಕಂಡಿಲ್ಲ ಅಂತೀರಿ. ಈಗ ಹೇಳ್ರಿ. ಇಲ್ಲಾಂದ್ರ ಸ್ವಿಚ್ ತಗೀತೀನಿ.’

‘ತಗೀಬ್ಯಾಡ!’ ಎಂದು ಕೂಗಿದವನು ಮಾಳಪ್ಪ. ‘ಚಾಚಾ, ಕೊಟ್ಟ್‌ಬಿಡ್ರಿ! ಯಾವಾಗ ಲೈಟ್ ಹೋಗ್ತೈತೋ ಏನೋ, ಲಗೂನ ಕೊಡ್ರಿ!’ ಉಳಿದವರೂ ದನಿಗೂಡಿಸಿದರು. ಹೆಣ್ಣುಮಕ್ಕಳಿಗೆ ಸಂಜೆ ಬೇಕೆಂದು ಆ ಊರಿನಲ್ಲಿ ಗಂಡುಮಕ್ಕಳು ಗಂಟಲು ಹರಿಯುವಂತೆ ಕೂಗಿದ್ದು ಅದೊಂದೇ ಸಲ. ನಾನು ಅದನ್ನು ನ್ಯಾಯವಾಗಿ ಕೇಳಿದ್ದೆ, ಸಿಕ್ಕಿರಲಿಲ್ಲ. ಅವಳು ಅದನ್ನು ವ್ಯಾಪಾರವಾಗಿ ಕೇಳಿದಳು. ನ್ಯಾಯವಾಗಿ ಸಿಗಬೇಕಾದದ್ದು ಹೀಗೆ ಸಿಗಬಾರದೆಂದು ನಾನು ಅಂದೂ ಹಲ್ಲು ಕಚ್ಚಿದೆ, ಇಂದೂ ಕಚ್ಚುತ್ತೇನೆ.

‘ಜರೀನಕ್ಕಾ,’ ಎಂದ ಮಾಳಪ್ಪ, ಅವಳ ಹತ್ತಿರಕ್ಕೆ ಜರುಗಿ. ‘ಮುಂದ ಏನೈತಿ? ಭಾರೀ ಐತೇನು?’

ಮುಂದೆ ಒಂದಿಷ್ಟು ಅಂಕಿಗಳಿದ್ದವು, ಒಂದು ನೌಕೆ ಇತ್ತು, ಇನ್ನೂ ಐದು ಹೆಸರುಗಳಿದ್ದವು. ಅದನ್ನು ಬಲ್ಲವರು ಆ ಕೋಣೆಯಲ್ಲಿ ನಾವಿಬ್ಬರೇ. ನಾನು ತುಟಿ ಬಿಗಿಹಿಡಿದು ಕುಳಿತೆ.

‘ಭಾರೀ ಐತಿ,’ ಎಂದಳು ಜರೀನಾ.

‘ಆತು ಬೇಟಿ, ಕೊಟ್ಟೆ,’ ಎಂದರು ಚಾಚಾ.

‘ಯಾವತ್ತ?’

‘ನಾಳೆ ಸಂಜಿಕ.’

ಅವಳ ಹೆಬ್ಬೆರಳು ಗುಂಡಿಯ ಮೇಲೆ ಹಾಗೆಯೇ ನಿಂತಿತ್ತು. ‘ನಾಳೆ ಅಲ್ರಿ ಚಾಚಾ,’ ಎಂದಳು. ‘ದಿನಾಲೂ ಅನ್ರಿ.’